ನಮ್ಮ ಸೊಸೆಯ ಕೆಂಪು ಪೆನ್ನು

ನಮ್ಮ ಸೊಸೆ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಒಂದನೇ ಕ್ಲಾಸಿನಲ್ಲೇ ಇದ್ದಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಹಾಗೆ ನೋಡಿದರೆ ಈ ಮನೆಯಲ್ಲಿ ಅವಳಿಗಿಂತ ಎರಡು ಕ್ಲಾಸು ಮುಂದಿರುವವಳು ನಾನು. ಈ ಮಾತನ್ನು ಮನೆಗೆ ಬಂದವರೆದುರೆಲ್ಲ ಹೇಳುತ್ತೇನೆ. ಅವಳು ಮಾತ್ರ ನಗುವುದಿಲ್ಲ.

"ಮಾಮಿ, ಒಂದನೇ ಕ್ಲಾಸಿಗೆ ಕಲಿಸಿದವರಿಗೆ ಗೊತ್ತು ಅದರ ಕಷ್ಟ" ಎನ್ನುತ್ತಾಳೆ.

ಅತ್ತೆಗೆ ನಮ್ಮಲ್ಲಿ ಮಾಮಿ ಎನ್ನುವುದು.

ನಾವಿರುವುದು ಬೋಳಾರದಲ್ಲಿ. ಅವಳ ಶಾಲೆ ಇರುವುದು ಹೊಳೆಯಾಚೆ ಬೆಂಗ್ರೆಯಲ್ಲಿ. ಬೆಳಿಗ್ಗೆ ಬಂದರಿಗೆ ಹೋಗಿ ಫೆರಿ ಹತ್ತುತ್ತಾಳೆ. ಫೆರಿ ಎಂದರೆ ಮೀನಿನ ಬುಟ್ಟಿ, ಬೈಕು, ಬಲೆ, ಜನ ಎಲ್ಲ ಒಟ್ಟಿಗೆ. ಅಂಥ ಫೆರಿಯಲ್ಲೂ ಇವಳು ಜನರನ್ನು ಸಾಲಿನಲ್ಲಿ ಹತ್ತಿಸುತ್ತಾಳೆ. ಮೀಸೆ ಬಂದ ಗಂಡಸರು "ಮುಂದಿನವರನ್ನು ದೂಡಬಾರದು" ಎಂದು ಬೈಸಿಕೊಂಡು ತಲೆ ತಗ್ಗಿಸಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಅವರಲ್ಲಿ ಅರ್ಧ ಜನ ಅವಳಿಂದಲೇ ಅಕ್ಷರ ಕಲಿತವರು. ಉಳಿದರ್ಧ ಜನ ಅವರನ್ನು ನೋಡಿ ಹೆದರಿದವರು.

ಅವಳ ಆಯುಧ ಒಂದು ಕೆಂಪು ಪೆನ್ನು. ಅದು ಸದಾ ಜಡೆಯಲ್ಲಿ ಸಿಕ್ಕಿಸಿರುತ್ತದೆ. ಬೇರೆ ಹೆಂಗಸರು ಮಲ್ಲಿಗೆ ಮುಡಿಯುವ ಜಾಗದಲ್ಲಿ ಇವಳದ್ದು ಪೆನ್ನು. ಮನೆಗೆ ಬಂದ ಮದುವೆಯ ಕಾಗದವನ್ನು ತಿದ್ದದೆ ಒಳಗಿಡುವವಳಲ್ಲ. ಒಮ್ಮೆ ನೆರೆಮನೆಯವರು ಮಗಳ ಮದುವೆಗೆ ಕರೆಯಲು ಬಂದಾಗ ಅವರೆದುರೇ ತಿದ್ದಿ, ಕೆಳಗೆ "ಪರವಾಗಿಲ್ಲ" ಎಂದು ಬರೆದು ಹಿಂದೆ ಕೊಟ್ಟಳು. ಅವರು ಕಾಗದ ತೆಗೆದುಕೊಂಡು ಹೋದರು. ನಮಗೆ ಮದುವೆಗೆ ಹೋಗಬೇಕೋ ಬೇಡವೋ ಎಂದು ಗೊತ್ತಾಗಲಿಲ್ಲ.

ಆ ಪೆನ್ನಿನಿಂದ ಒಳ್ಳೆಯದೂ ಆಗುತ್ತದೆ. ಸರಿ ಉತ್ತರ ಹೇಳಿದ ಮಗುವಿನ ಎಡಗೈ ಮೇಲೆ ಒಂದು ನಕ್ಷತ್ರ ಬರೆಯುತ್ತಾಳೆ. ಮೊದಲು ಬಲಗೈಗೆ ಬರೆಯುತ್ತಿದ್ದಳಂತೆ. ನಕ್ಷತ್ರ ಹೋಗುತ್ತದೆಂದು ಮಕ್ಕಳು ಊಟಕ್ಕೆ ಕೈ ತೊಳೆಯಲು ಒಪ್ಪದೆ, ಬೆಂಗ್ರೆಯ ತಾಯಂದಿರೆಲ್ಲ ದೂರು ತಂದ ಮೇಲೆ ಎಡಗೈಗೆ ಬಂತು.

ಮನೆಯಲ್ಲೂ ಶಾಲೆಯೇ. ಫ್ರಿಜ್ಜಿನ ಬಾಗಿಲ ಮೇಲೆ ಟೈಂಟೇಬಲ್ ಉಂಟು. ರಾತ್ರಿಯ ಪಾತ್ರೆ ಸೋಮವಾರ ನನ್ನ ಮಗ, ಮಂಗಳವಾರ ನಾನು, ಬುಧವಾರ ಅವಳು, ಹೀಗೆ ತಿರುಗುತ್ತದೆ. ಅತ್ತೆಗೆ ಸರದಿ ಹಾಕುವ ಸೊಸೆಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನೂ ಕಡಿಮೆಯವಳಲ್ಲ. ನನ್ನ ಸರದಿ ಅಲ್ಲದ ದಿನ ಒಂದು ಲೋಟವನ್ನೂ ತೊಳೆದವಳಲ್ಲ.

ಇಂಥವಳು ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು, "ನಾನು ಎಂ.ಎ. ಕಟ್ಟಿದ್ದೇನೆ. ಸಣ್ಣ ಮಕ್ಕಳ ಶಿಕ್ಷಣದ್ದು."

ನನ್ನ ಮಗ ಬಂಗುಡೆಯ ಮುಳ್ಳು ತೆಗೆಯುತ್ತಿದ್ದವನು ತಲೆ ಎತ್ತಿದ. "ಪಾಸಾದ್ರೆ ಎರಡನೇ ಕ್ಲಾಸಿಗೆ ಹಾಕ್ತಾರಾ ಟೀಚರೇ?"

"ನೀವು ಸುಮ್ಮನೆ ಊಟ ಮಾಡಿ."

"ಇಷ್ಟು ವರ್ಷ ಕಲಿಸಿದವಳಿಗೆ ಇನ್ನು ಕಲಿಯಲಿಕ್ಕೆ ಎಂತ ಉಂಟು ಮಾರಾಯ್ತಿ?" ನಾನು ಕೇಳಿದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಮಾಮಿ, ಜೂನ್‌ನಲ್ಲಿ ಮಕ್ಕಳು ಬರ್ತಾರೆ, ಏನೂ ಗೊತ್ತಿರುವುದಿಲ್ಲ. ಮಾರ್ಚ್ ಆಗುವಾಗ ಓದ್ತಾರೆ. ನಡುವೆ ಎಂತ ಆಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ವರ್ಷ ಒಬ್ಬರಿಗೋ ಇಬ್ಬರಿಗೋ ಎಷ್ಟು ಮಾಡಿದರೂ ಬರುವುದಿಲ್ಲ. ಅದು ಯಾಕೆ ಅಂತಲೂ ಗೊತ್ತಿಲ್ಲ. ಗೊತ್ತಾಗಬೇಕು."

ನಾನು ಅವಳಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಆಮೇಲೆ ಶುರುವಾಯಿತು ನನ್ನ ಕಷ್ಟ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಪರೀಕ್ಷೆ ಮಾಡಲು ಅವಳಿಗೆ ಮನೆಯಲ್ಲಿ ಸಿಕ್ಕಿದವಳು ನಾನೊಬ್ಬಳು. ಒಂದು ಸಂಜೆ ಎರಡು ಒಂದೇ ಥರದ ಲೋಟದಲ್ಲಿ ಸಮ ಸಮ ನೀರು ತಂದು ನನ್ನೆದುರು ಇಟ್ಟಳು. ಒಂದರ ನೀರನ್ನು ಉದ್ದದ ಸಪೂರ ಗ್ಲಾಸಿಗೆ ಹೊಯ್ದಳು.

"ಈಗ ಯಾವುದರಲ್ಲಿ ಜಾಸ್ತಿ ಉಂಟು ಮಾಮಿ?"

"ಎರಡರಲ್ಲೂ ನೀರೇ ಇರುವುದು. ಚಾ ಎಲ್ಲಿ?"

"ಚಾ ಮತ್ತೆ. ಉತ್ತರ ಹೇಳಿ. ಆರು ವರ್ಷದ ಮಕ್ಕಳು ಉದ್ದದ್ದರಲ್ಲಿ ಜಾಸ್ತಿ ಅಂತಾರೆ."

"ಆರು ವರ್ಷದ ಮಕ್ಕಳಿಗೆ ಚಾ ಕೊಡುವುದಿಲ್ಲ, ಅದಕ್ಕೆ ನೀರು ನೋಡ್ತಾ ಕೂರ್ತಾರೆ."

ಅವಳು ಏನೋ ಬರೆದುಕೊಂಡಳು. ಎಂತ ಬರೆದೆ ಎಂದು ಕೇಳಿದೆ. "ಸಹಕಾರ ಸಾಲದು" ಎಂದು ಬರೆದಿದ್ದಳು. ಚಾ ಬಂದದ್ದು ಏಳು ಗಂಟೆಗೆ.

ಅಂತೂ ಪರೀಕ್ಷೆ ಬಂತು. ಕಲಿಸುವವರಿಗೆ ಪರೀಕ್ಷೆ ಬರೆಯಲು ಬರುವುದಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಪರೀಕ್ಷೆ ನಡೆದ ಕಾಲೇಜಿನ ಹಾಲಿನ ಬಾಗಿಲಲ್ಲಿ ಅವಳು ಅಭ್ಯಾಸಬಲದಿಂದ ನಿಂತು ಬಂದವರ ಹಾಲ್ ಟಿಕೆಟ್ಟು ನೋಡಿ ನೋಡಿ ಒಳಗೆ ಬಿಟ್ಟಳಂತೆ. ಹತ್ತಿಪ್ಪತ್ತು ಜನ ಒಳಗೆ ಹೋದ ಮೇಲೆ, ತಾನೂ ಅವರಲ್ಲೊಬ್ಬಳು ಎಂದು ನೆನಪಾಯಿತು. ಕಾವಲಿಗಿದ್ದವನು ಯಾರು ಅಂತೀರಿ? ಬೆಂಗ್ರೆಯ ಹುಡುಗ, ಅವಳ ಹಳೇ ಒಂದನೇ ಕ್ಲಾಸು! ಈಗ ಅದೇ ಕಾಲೇಜಿನಲ್ಲಿ ಲೆಕ್ಚರರ್. ಅವಳು ಒಳಗೆ ಕಾಲಿಟ್ಟದ್ದೇ, ಕುರ್ಚಿಯಿಂದ ಎದ್ದು ನಿಂತ.

"ಗುಡ್ ಮಾರ್ನಿಂಗ್ ಟೀಚರ್."

"ಗುಡ್ ಮಾರ್ನಿಂಗ್. ಕುಳಿತುಕೊ. ಅಂಗಿಯ ಬಟನ್ ಹಾಕು."

ಅವನು ಬಟನ್ ಹಾಕಿದ. ಇನ್ನು ಅವನು ಇವಳ ಮೇಲೆ ಕಾವಲು ಕಾಯುವುದು ಹೇಗೆ?

ಅಂದಿನದು ಮಕ್ಕಳು ಕಲಿಯುವ ಬಗೆಯ ಪೇಪರು. ಅವಳಿಗೆ ಎಲ್ಲಕ್ಕಿಂತ ಇಷ್ಟದ್ದು. ಬೇಗ ಬರೆದು ಮುಗಿಸಿದಳು. ಸಮಯ ಉಳಿಯಿತು. ಎದುರಿಗೆ ಬರೆದು ತುಂಬಿದ ಉತ್ತರಪತ್ರಿಕೆ, ಜಡೆಯಲ್ಲಿ ಕೆಂಪು ಪೆನ್ನು. ಕೈ ತಾನಾಗಿಯೇ ಮೇಲೆ ಹೋಯಿತಂತೆ. ತನ್ನ ಪೇಪರನ್ನು ತಾನೇ ತಿದ್ದಿದಳು. ಸರಿ ಇದ್ದಲ್ಲಿ ಸರಿ ಗುರುತು, ತಪ್ಪಿದ್ದಲ್ಲಿ ಅಡ್ಡ ಗೆರೆ, ಪ್ರತಿ ಉತ್ತರಕ್ಕೂ ಮಾರ್ಕು, ಕೊನೆಯಲ್ಲಿ ಒಟ್ಟು ಹಾಕಿ ಸಹಿ! ಆ ಹುಡುಗ ಬಂದು ಪಕ್ಕದಲ್ಲಿ ನಿಂತದ್ದು ಹೌದು. ಬಾಯಿ ತೆರೆದದ್ದೂ ಹೌದು. ಇವಳು ತಲೆ ಎತ್ತಿ ನೋಡಿದಳು. ಅವನು ಹೋಗಿ ಕಿಟಕಿ ಹತ್ತಿರ ನಿಂತ.

"ಎಷ್ಟು ಕೊಟ್ಟುಕೊಂಡೆ?" ನಾನು ಕೇಳಿದೆ.

"ನೂರಕ್ಕೆ ಅರವತ್ತೆರಡು."

"ಕೊಡುವವಳು ನೀನೇ ಅಂದ ಮೇಲೆ ಪೂರ್ತಿ ಕೊಡ್ಲಿಕ್ಕೆ ಎಂತ ಧಾಡಿ?"

"ಎರಡು ಕಡೆ ಉದಾಹರಣೆ ಸಾಲದು ಮಾಮಿ."

ಫಲಿತಾಂಶ ಬಂತು. ಬೇರೆಲ್ಲ ಪಾಸು, ಆ ಪೇಪರು ಮಾತ್ರ ಕೆಂಪು ಶಾಯಿ, ಸಹಿ ಇದ್ದದ್ದಕ್ಕೆ ರದ್ದು. ಇನ್ನೊಮ್ಮೆ ಬರೆಯಲು ಬಿಡುತ್ತಾರೆ, ಅದೂ ಹೋದರೆ ಅವಧಿ ಮುಗಿದು ಇಡೀ ಎಂ.ಎ.ಯೇ ಹೋಯಿತು ಎಂದು ತಿಳಿಸಿದ್ದರು. ನನ್ನ ಮಗನಿಗೆ ನಗು ತಡೆಯಲಾಗಲಿಲ್ಲ. ನನಗೂ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದಳು. ಮದುವೆಯ ಕಾಗದವೊಂದು ಎರಡು ದಿನ ಮೇಜಿನ ಮೇಲೆ ಬಿದ್ದಿತ್ತು. ತಿದ್ದಲಿಲ್ಲ. ಆಗ ನನಗೆ ಸ್ವಲ್ಪ ಹೆದರಿಕೆಯಾಯಿತು.

ಹೋಗಿ ಅವಳೆದುರು ಕೂತೆ. "ನಿನ್ನ ಕ್ಲಾಸಿನ ಮಗು ಶಾಲೆಗೆ ಬರದೆ ಬಲೆ ರಾಶಿಯ ಹಿಂದೆ ಅಡಗಿದರೆ ಎಂತ ಮಾಡ್ತೀ?"

"ಹೋಗಿ ಕರ್ಕೊಂಡು ಬರ್ತೇನೆ."

"ಕರ್ಕೊಂಡಲ್ಲ, ಎಳ್ಕೊಂಡು. ಊರಿಗೆಲ್ಲ ಗೊತ್ತುಂಟು. ಹಾಗಾದರೆ ಏಳು. ನನ್ನ ಮೊಣಕಾಲಿಗೆ ಅಟ್ಟ ಹತ್ತಲಿಕ್ಕೆ ಆಗುವುದಿಲ್ಲ. ನೀನೇ ಹತ್ತಿ ಪುಸ್ತಕ ಇಳಿಸು."

"ಇನ್ನೊಮ್ಮೆ ಹಾಗೇ ಆದ್ರೆ ಮಾಮಿ?"

"ಪೆನ್ನು ನನ್ನ ಹತ್ತಿರ ಇರ್ತದೆ."

ಮರುಪರೀಕ್ಷೆಯ ದಿನ ನಾನೂ ರಿಕ್ಷಾದಲ್ಲಿ ಹೋದೆ. ಹಾಲಿನ ಹೊರಗೆ ಅವಳ ಜಡೆ, ಚೀಲ, ಕಂಪಾಸು ಪೆಟ್ಟಿಗೆ ಎಲ್ಲ ತಡಕಿದೆ. ಸಿಕ್ಕಿದ್ದು ಒಂದಲ್ಲ, ಎರಡು ಕೆಂಪು ಪೆನ್ನು. ಎರಡನೆಯದು ಯಾಕೆ ಎಂದರೆ, ಮೊದಲನೆಯದು ಖಾಲಿಯಾದರೆ ಇರಲಿ ಎಂದಳು! ಎರಡನ್ನೂ ಸೆರಗಿಗೆ ಕಟ್ಟಿಕೊಂಡು ಗೋಳಿಮರದ ಕಟ್ಟೆಯಲ್ಲಿ ಕೂತೆ. ಮಕ್ಕಳನ್ನು ಪರೀಕ್ಷೆಗೆ ಬಿಡಲು ಬಂದ ತಂದೆಯೊಬ್ಬರು "ಮೊಮ್ಮಗಳಾ ಅಮ್ಮ?" ಎಂದು ಕೇಳಿದರು. "ಸೊಸೆ. ಒಂದನೇ ಕ್ಲಾಸು" ಎಂದೆ. ಅವರು ಮೆಲ್ಲಗೆ ಕಟ್ಟೆಯ ಆಚೆ ತುದಿಗೆ ಸರಿದರು.

ಮೂರು ಗಂಟೆ ಕಳೆದು ಅವಳು ಬೆರಳು ತಿಕ್ಕುತ್ತಾ ಹೊರಗೆ ಬಂದಳು. "ಮೂರನೇ ಉತ್ತರದಲ್ಲಿ ಒಂದು ತಪ್ಪುಂಟು ಮಾಮಿ. ಕಂಡಿತು. ಪೆನ್ನು ಇರಲಿಲ್ಲ."

"ನೀಲಿ ಪೆನ್ನಲ್ಲಿ ತಿದ್ದಬಹುದಿತ್ತಲ್ಲ?"

ಅವಳು ನನ್ನನ್ನೇ ನೋಡಿದಳು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಆಮೇಲೆ ಆ ಕೆಂಪು ಪೆನ್ನುಗಳನ್ನು ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಶಾಲೆಗೆ ಬೇರೆ ಕೊಂಡುಕೊಂಡಳು.

ಮಳೆ ನಿಂತ ಮೇಲೆ ಒಂದು ಬುಧವಾರ ಅವಳು ಫೆರಿ ಇಳಿದು ಮನೆಗೆ ಬಂದಾಗ ನಾನು ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದೆ. ಚಪ್ಪಲಿ ಬಿಡದೆ ಮೆಟ್ಟಿಲಲ್ಲೇ ನಿಂತಳು. ಮೊಬೈಲು ಕೈಯಲ್ಲಿತ್ತು.

"ಎಂತ ಆಯ್ತು?"

"ಪಾಸು."

"ಎಷ್ಟು?"

"ಅರವತ್ತೆರಡು."

ಹಾಗಾದರೆ ಅವಳು ಮೊದಲೇ ಸರಿಯಾಗಿ ಕೊಟ್ಟುಕೊಂಡಿದ್ದಳು. ಇದನ್ನು ಹೇಳಿ ನಗಬೇಕೆಂದು ಬಾಯಿ ತೆರೆದೆ. ನೋಡಿದರೆ, ಐವತ್ತು ದಾಟಿದ ಹೆಂಗಸು ಒಂದನೇ ಕ್ಲಾಸಿನ ಮಗುವಿನ ಹಾಗೆ ಎಡಗೈ ಮುಂದೆ ಚಾಚಿ ನಿಂತಿದ್ದಾಳೆ.

ಒಳಗೆ ಹೋಗಿ ಪೆನ್ನು ತಂದೆ. ನಕ್ಷತ್ರ ಬರೆದು ನನಗೆ ಅಭ್ಯಾಸವಿಲ್ಲ. ಎಳೆದೆ. ಒಂದು ಕಾಲು ಉದ್ದ, ಒಂದು ಗಿಡ್ಡ, ಒಂದು ಎಲ್ಲಿಗೋ ಹೋಯಿತು. ನೋಡಿದರೆ ನಕ್ಷತ್ರವಲ್ಲ, ಏಡಿ. ಊರಿನ ಮದುವೆಯ ಕಾಗದಗಳನ್ನೆಲ್ಲ ತಿದ್ದುವವಳು ಅದನ್ನು ಬಹಳ ಹೊತ್ತು ನೋಡಿದಳು. ತಿದ್ದಲಿಲ್ಲ.

ಊಟವಾಯಿತು. ಬುಧವಾರ ಪಾತ್ರೆಯ ಸರದಿ ಅವಳದ್ದು. ಅವಳು ಎದ್ದು ಸಿಂಕಿನ ಹತ್ತಿರ ಹೋಗಿ ಸೆರಗು ಸಿಕ್ಕಿಸಿದಳು, ನಲ್ಲಿ ತಿರುಗಿಸಲು ಕೈ ನೀಡಿದಳು. ಎಡಗೈ ನೋಡಿ ಹಾಗೇ ನಿಂತಳು.

"ಆಚೆ ಹೋಗು" ಎಂದೆ. ಅಂದು ಪಾತ್ರೆ ನಾನು ತೊಳೆದೆ.