ಮೋತಪ್ಪನ ಬಚ್ಚಲ ನೀರೂ ಇಬ್ಬರು ಪ್ರೊಫೆಸರರೂ

ನನ್ನನ್ನು ಯಾರಾದರೂ ಕನ್ನಡದಲ್ಲಿ ಹೊಗಳಿದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತೇನೆ. ಇಂಗ್ಲಿಷಿನಲ್ಲಿ ಹೊಗಳಿದರೆ ನಡುಮನೆಯನ್ನೇ ಬಿಟ್ಟುಕೊಡುತ್ತೇನೆ. ಇದು ನನ್ನೊಬ್ಬನ ರೋಗವಲ್ಲ. ಆ ಕಾಲದಲ್ಲಿ ಸಣ್ಣ ಊರುಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟರುಗಳಿಗೆಲ್ಲ ಇದ್ದದ್ದೇ. ವರ್ಷವಿಡೀ ಹುಡುಗರ ಬಾಯಲ್ಲಿ ಕೈಕಾಲು ಮುರಿದುಕೊಂಡ ಇಂಗ್ಲಿಷನ್ನು ಕೇಳಿದವನ ಮುಂದೆ ಕೋಟು ತೊಟ್ಟ ಒಬ್ಬರು ನಿಂತು, "ನಿಮ್ಮ ಉಚ್ಚಾರಣೆ ಬಹಳ ಶುದ್ಧವಾಗಿದೆ" ಎಂದರೆ ಅವನ ತಲೆ ಕತ್ತಿನ ಮೇಲೆ ನಿಲ್ಲುವುದು ಕಷ್ಟ. ನನ್ನ ಹೆಂಡತಿ ಸಾವಿತ್ರಿ ಇದನ್ನು ಮದುವೆಯಾದ ವರ್ಷವೇ ಕಂಡುಕೊಂಡಿದ್ದಳು. ಆದ್ದರಿಂದ ಗುಂಡ್ಲುಪೇಟೆಯ ನಮ್ಮ ಮನೆಯ ಮುಂದೆ ಇಬ್ಬರು ಪ್ರೊಫೆಸರರು ಹಾಸಿಗೆ ಸುರುಳಿಗಳ ಸಮೇತ ಬಂದು ನಿಂತಾಗ ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಡಿಗೆಮನೆಗೆ ಕರೆದು, "ಏನಂದ್ರು?" ಎಂದು ಕೇಳಿದಳು. "ಬಂಗಲೆಯಲ್ಲಿ ಅರಣ್ಯದ ಸಾಹೇಬರು ಇಳಿದಿದ್ದಾರಂತೆ, ಜಾಗವಿಲ್ಲವಂತೆ" ಎಂದೆ. "ಅದಲ್ಲ, ನಿಮ್ಮ ಇಂಗ್ಲಿಷಿನ ಬಗ್ಗೆ ಏನಂದ್ರು?" ಎಂದಳು. ನಾನು ನೀರಿನ ಚೊಂಬು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ.

ದೊಡ್ಡ ಪ್ರೊಫೆಸರರು ಇಂಗ್ಲೆಂಡಿನವರು. ಚಿಕ್ಕ ಪ್ರೊಫೆಸರರು ಉತ್ತರದ ಕಡೆಯವರು, ಇಂಗ್ಲೆಂಡಿನಲ್ಲಿ ಓದಿ ಬಂದವರು. ಇಬ್ಬರಲ್ಲಿ ಹೆಚ್ಚು ಇಂಗ್ಲೆಂಡಿನವರಾಗಿ ಕಾಣುತ್ತಿದ್ದವರು ಚಿಕ್ಕವರೇ. ಒಂದು ದೇಶದಿಂದ ಇನ್ನೊಂದಕ್ಕೆ ಮನೆಮಠ ಬಿಟ್ಟು ಓಡಿಬಂದವರು ಹೊಸ ಊರಿನ ಜನರೊಡನೆ ಬೆರೆಯುತ್ತಾರೋ ಇಲ್ಲವೋ ಎಂಬುದು ಅವರ ಸಂಶೋಧನೆಯ ವಿಷಯ. ದೇಶ ಹೋಳಾದ ಮೇಲೆ ಇದಕ್ಕೇನು ಕೊರತೆ ಎಂದು ನೀವು ಕೇಳಬಹುದು. ಆದರೆ ದೆಹಲಿ, ಮುಂಬಯಿಗಳ ನಿರಾಶ್ರಿತರನ್ನೆಲ್ಲ ಬೇರೆ ಪ್ರೊಫೆಸರರು ಆಗಲೇ ಹಂಚಿಕೊಂಡುಬಿಟ್ಟಿದ್ದರಂತೆ. ಯಾರೂ ಕೈಯಿಡದ ನಿರಾಶ್ರಿತರು ಎಲ್ಲಾದರೂ ಸಿಕ್ಕಾರೆಂದು ಇವರು ದಕ್ಷಿಣಕ್ಕೆ ಬಂದಿದ್ದರು. ಮೊದಲು ನನ್ನ ಹುಟ್ಟೂರಾದ ಚಾಮರಾಜನಗರಕ್ಕೆ ಹೋಗಿ ಯಾರೋ ತೋರಿಸಿದ್ದರಿಂದ ನನ್ನ ಅಣ್ಣನನ್ನು ವಿಚಾರಿಸಿದ್ದಾರೆ. "ದೇವರ ದಯೆಯಿಂದ ಅಂಥ ಕಷ್ಟದವರು ನಮ್ಮಲ್ಲಿ ಯಾರೂ ಇಲ್ಲ" ಎಂದು ಅಣ್ಣ ಹೆಮ್ಮೆಯಿಂದ ಹೇಳಿದಾಗ ಇಬ್ಬರ ಮುಖವೂ ಬಾಡಿಹೋಯಿತಂತೆ. ಅಣ್ಣನಿಗೆ ಕರುಳು ಚುರುಕ್ಕೆಂದು, "ನನ್ನ ತಮ್ಮನಿರುವ ಊರಿನಲ್ಲಿ ಒಂದು ಸಂಸಾರ ಇದೆ" ಎಂದು ಬಸ್ಸು ಹತ್ತಿಸಿದ. ದಾರಿಯಲ್ಲಿ ತೆರಕಣಾಂಬಿಯಲ್ಲಿ ಇಳಿದು, ಈ ಊರಲ್ಲಿ ಹೊರಗಿನಿಂದ ಬಂದವರು ಇದ್ದಾರೆಯೇ ಎಂದು ಕಂಡಕ್ಟರನ ಮೂಲಕ ಕೇಳಿಸಿದರಂತೆ. ಹೋಟೆಲಿನ ಮುಂದೆ ಕೂತಿದ್ದ ಒಬ್ಬ ಮುದುಕ, "ಈಗ್ ತಾನೆ ಇಬ್ರು ಬಸ್ಸಿಂದ ಇಳುದ್ರು ಕಣಪ್ಪ" ಎಂದನಂತೆ.

ಹುಡುಕುವ ಚಪಲ ಎಷ್ಟಿತ್ತೆಂದರೆ, ಕೊಳ್ಳೇಗಾಲ ಮದರಾಸಿನಿಂದ ನಮ್ಮ ರಾಜ್ಯಕ್ಕೆ ಸೇರಿದ್ದು ಹೊಸತು ಎಂದು ನಾನು ಊಟದ ನಡುವೆ ಬಾಯಿತಪ್ಪಿ ಹೇಳಿದ್ದಕ್ಕೆ ಚಿಕ್ಕ ಪ್ರೊಫೆಸರರು ಅನ್ನದ ಕೈಯಲ್ಲೇ ಪೆನ್ನು ತೆಗೆದರು. "ಅವರು ಯಾವ ದಾರಿಯಾಗಿ ಬಂದರು?" ಎಂದರು. "ಅವರು ಎಲ್ಲಿಂದಲೂ ಬರಲಿಲ್ಲ ಸ್ವಾಮಿ, ಕೂತಲ್ಲೇ ಕೂತಿದ್ದಾರೆ, ರಾಜ್ಯವೇ ಎದ್ದು ಅವರಿದ್ದಲ್ಲಿಗೆ ಬಂತು" ಎಂದೆ. ಹಾಗೆ ಬಂದದ್ದಕ್ಕೆ ಅವರ ಶಾಸ್ತ್ರದಲ್ಲಿ ಹೆಸರಿಲ್ಲವಂತೆ. ಪೆನ್ನು ಒರೆಸಿ ಜೇಬಿಗೆ ಸೇರಿಸಿದರು. ಕೊಳ್ಳೇಗಾಲದವರು ಬಚಾವಾದರು.

ಇವರಿಗೆ ಸಿಕ್ಕಿದ್ದು ನಮ್ಮ ಬೀದಿಯ ಮೋತಿರಾಮ. ಕರಾಚಿಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು. ಎಲ್ಲ ಬಿಟ್ಟು ಹೆಂಡತಿಯೊಡನೆ ಊರೂರು ಸುತ್ತಿ, ಊಟಿಗೆಂದು ಹೊರಟು, ಬಸ್ಸು ಕೆಟ್ಟಿತೆಂದು ಗುಂಡ್ಲುಪೇಟೆಯಲ್ಲಿ ಇಳಿದು, ಇಳಿದಲ್ಲೇ ಅಂಗಡಿ ಹಾಕಿದ್ದ. ಅವನ ಹೆಸರನ್ನು ನಮ್ಮ ಜನ ಒಂದು ವಾರವೂ ಇದ್ದ ಹಾಗೆ ಇರಗೊಡಲಿಲ್ಲ, ಮೋತಪ್ಪ ಮಾಡಿದರು. ಹೆಂಡತಿ ದೇವಿಬಾಯಿ ದೇವಮ್ಮನಾದಳು. ಇಬ್ಬರೂ ಆಡುತ್ತಿದ್ದ ಕನ್ನಡ ಸಂತೆಮರಹಳ್ಳಿಯ ಸಂತೆಯಲ್ಲಿ ದನ ಮಾರುವವರೂ ತಲೆದೂಗುವಂಥದು. ದೊಡ್ಡ ಪ್ರೊಫೆಸರರು ಅವನ ಅಂಗಡಿಯಲ್ಲಿ ಕೂತು, "ಈ ಊರಿನವರೊಡನೆ ನೀವು ಬೆರೆತಿದ್ದೀರಾ ಎಂದು ಕೇಳಿ" ಎಂದು ನನಗೆ ಹೇಳಿದರು. ಕೇಳಿದೆ. ಮೋತಪ್ಪ ನನ್ನ ಮುಖವನ್ನೇ ನೋಡಿ, "ಯಾಕ್ ಮೇಷ್ಟ್ರೆ, ನಾನೇನ್ ಮಾಡ್ಬುಟ್ಟೆ?" ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ಈ ಪ್ರೊಫೆಸರರು ಬರಿಯ ಪುಸ್ತಕಕ್ಕಾಗಿ ಬಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಲ್ಲಿ ನಿರಾಶ್ರಿತರು ಊರವರೊಡನೆ ಬೆರೆತಿಲ್ಲವೋ ಅಲ್ಲಿಂದ ಅವರನ್ನು ಎಬ್ಬಿಸಿ, ಅವರ ಕಡೆಯ ಜನರೇ ತುಂಬಿರುವ ದೂರದ ಕಾಲೋನಿಗೆ ಸಾಗಿಸಿರೆಂದು ಇವರು ಹೇಳಿದರೆ ಸರಕಾರ ಕೇಳುತ್ತಿತ್ತು. ಒಮ್ಮೆ ಬೇರು ಕಿತ್ತು ಬಂದವರನ್ನು, ಬೇರು ಬಿಟ್ಟಿದೆಯೇ ಎಂದು ನೋಡುವುದಕ್ಕೆ ಮತ್ತೊಮ್ಮೆ ಕೀಳುವ ಕೆಲಸ. ಎಲ್ಲವೂ ಅವರ ಒಳ್ಳೆಯದಕ್ಕೇ. ಇಬ್ಬರೂ ತುಂಬ ಒಳ್ಳೆಯವರು, ಮೋತಪ್ಪನ ಕಥೆ ಕೇಳಿ ಕಣ್ಣೊರೆಸಿಕೊಂಡವರು. ನನಗೆ ಅವರ ಒಳ್ಳೆಯತನವೇ ಭಯ ಹುಟ್ಟಿಸಿತು.

ಮೊದಲು ಎಡವಿದ್ದು ಹೆಪ್ಪಿನ ವಿಷಯದಲ್ಲಿ. ನೆರೆಹೊರೆಯವರು ಏನೇನು ಕೊಟ್ಟು ತೆಗೆದುಕೊಳ್ಳುತ್ತಾರೆ ಎನ್ನುವುದರಿಂದ ಬೆರೆತದ್ದು ತಿಳಿಯುತ್ತದೆಂದು ಚಿಕ್ಕ ಪ್ರೊಫೆಸರರ ಸಿದ್ಧಾಂತ. ಹಾಲಿಗೆ ಹಾಕುವ ಹೆಪ್ಪನ್ನು ಪಕ್ಕದ ಮನೆಯಿಂದ ತರುವುದುಂಟೆಂದು ಸಾವಿತ್ರಿಯಿಂದ ತಿಳಿದುಕೊಂಡು ದೇವಮ್ಮನನ್ನು ವಿಚಾರಿಸಿದರು. "ರಾತ್ರಿ ಹಾಲು ಕಾಯಿಸಿದ ಮೇಲೆ ಹೋಗಿ ಕೇಳಿದರೆ ಪಕ್ಕದ ಮನೆಯವರು ಕೊಡುತ್ತಾರೆಯೇ?" ದೇವಮ್ಮ, "ಎಲ್ಲಾದ್ರೂ ಉಂಟಾ? ಕೊಡಾದಿಲ್ಲ" ಎಂದಳು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿಗಳನ್ನು ನಮ್ಮ ಕಡೆ ಒಡಹುಟ್ಟಿದವರಿಗೂ ಯಾರೂ ಕೊಡುವುದಿಲ್ಲ. ಅದನ್ನು ನಾನು ವಿವರಿಸುವ ಮೊದಲೇ ಇಬ್ಬರೂ ನೋವಿನಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಿತ್ತು.

ಪೂರ್ತಿ ಕೆಡಿಸಿದ್ದು ಬಚ್ಚಲ ನೀರು. ಮೋತಪ್ಪನ ಮನೆಯ ಬಚ್ಚಲ ನೀರು ಪಕ್ಕದ ಬೆಲ್ಲದ ಮಂಡಿ ಮಾದಪ್ಪನ ಜಗಲಿಯ ಮುಂದೆ ಹರಿಯುತ್ತಿತ್ತು. ಈ ಬಗ್ಗೆ ಇಬ್ಬರೂ ಬೆಳಿಗ್ಗೆ ಹಲ್ಲುಜ್ಜುವಾಗ ಬೀದಿಯಲ್ಲಿ ನಿಂತು ಬೈದಾಡುವುದು ಬಹಳ ದಿನದ ಅಭ್ಯಾಸ. ಆ ದಿನ ಪ್ರೊಫೆಸರರು ನಮ್ಮ ಜಗಲಿಯಲ್ಲಿ ಕೂತು ನೋಡಿದರು. ಮಾದಪ್ಪ, "ಲೋ ಮೋತಪ್ಪ, ನಿಮ್ಮಪ್ಪನ್ ಕಾಲ್ದಿಂದ್ಲೂ ನಿಮ್ದು ಇದೇ ಬಾಳು ಕಣ್ಲಾ" ಎಂದ. ಮೋತಪ್ಪನ ಅಪ್ಪ ಗುಂಡ್ಲುಪೇಟೆಯ ಹೆಸರನ್ನೂ ಕೇಳದೆ ಕರಾಚಿಯಲ್ಲಿ ತೀರಿಕೊಂಡವನು. ಅದು ಮಾದಪ್ಪನಿಗೆ ಮರೆತೇಹೋಗಿತ್ತು. ಮೋತಪ್ಪನೂ ನೆನಪಿಸಲಿಲ್ಲ. "ನಮ್ಮಪ್ಪನ್ ಸುದ್ದಿಗ್ ಬರ್ಬ್ಯಾಡ, ನಿನ್ ಮಂಡಿ ನೊಣ ನಮ್ಮನೆ ಬಟ್ಟೆ ಮ್ಯಾಲೆಲ್ಲ ಕುಂತದೆ, ಅದುಕ್ಕೇನಂದೀಯ?" ಎಂದ. ದೊಡ್ಡ ಪ್ರೊಫೆಸರರು ಅನುವಾದ ಕೇಳಿದರು. ಬುದ್ಧಿ ಇದ್ದವನಾಗಿದ್ದರೆ, ಮಳೆ ಬೆಳೆ ಮಾತಾಡುತ್ತಿದ್ದಾರೆ ಎಂದು ಹೇಳಿ ಮುಗಿಸುತ್ತಿದ್ದೆ. ಆದರೆ ಮೊದಲ ಬೈಗುಳವನ್ನು ಇಂಗ್ಲಿಷಿಗೆ ಇಳಿಸಿದಾಗ ಅವರು "ಅದ್ಭುತ" ಎಂದುಬಿಟ್ಟರು. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಮಾದಪ್ಪ ಸಪ್ಪೆಯಾಗಿ ಬೈದದ್ದಕ್ಕೂ ನಾನು ಒಗ್ಗರಣೆ ಹಾಕಿದೆ. ಸಾವಿತ್ರಿ ಒಳಗಿಂದ ಕೆಮ್ಮಿದಳು, ಕೇಳಿಸಲಿಲ್ಲ. ಜಗಳ ಮುಗಿದು ಅವರಿಬ್ಬರೂ ಮುಖ ತೊಳೆಯಲು ಹೋದ ಮೇಲೆ ದೊಡ್ಡ ಪ್ರೊಫೆಸರರು ನಿಟ್ಟುಸಿರು ಬಿಟ್ಟು, "ಇಷ್ಟು ದ್ವೇಷದ ನಡುವೆ ಈ ಬಡ ಸಂಸಾರವನ್ನು ಬಿಟ್ಟು ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ, ಕಾಲೋನಿಗೆ ಬರೆದುಬಿಡುತ್ತೇನೆ" ಎಂದರು.

ಸುದ್ದಿಯನ್ನು ಸಾವಿತ್ರಿ ದೇವಮ್ಮನಿಗೆ ಹೇಳಿಬಿಟ್ಟಳು. ಆ ಮಧ್ಯಾಹ್ನ ಮೋತಪ್ಪ ಅಂಗಡಿ ಬಾಗಿಲು ಹಾಕಿ ನಮ್ಮ ಹಿತ್ತಲಿಗೆ ಬಂದ. ಅವನು ಹಾಗೆ ಕುಗ್ಗಿ ನಿಂತದ್ದನ್ನು ನಾನು ನೋಡಿರಲಿಲ್ಲ. "ಮೇಷ್ಟ್ರೆ, ಒಂದ್ಸಲ ಗಂಟು ಕಟ್ಟಿವ್ನಿ. ಇನ್ನೊಂದ್ಸಲ ಕಟ್ಟು ಅಂದ್ರೆ ನನ್ ಕೈಲಿ ಆಗಾದಿಲ್ಲ. ಆ ಕಾಲೋನಿಲಿ ನಮ್ಮ ಜನ ಅವ್ರೆ ಅಂತೀರಿ. ಅವ್ರು ಯಾರೋ, ನಾನ್ಯಾರೋ" ಎಂದ. ನನಗೆ ನನ್ನ ಮೇಲೂ ಸಿಟ್ಟು ಬಂತು, ನನ್ನ ಶುದ್ಧ ಉಚ್ಚಾರಣೆಯ ಮೇಲೂ ಬಂತು. ಕೂಡಲೇ ಹೋಗಿ ಮಾದಪ್ಪನನ್ನು ಹಿಡಿದು ವಿಷಯ ಹೇಳಿದೆ. "ಈ ಕೋಟಿನವ್ರು ಯಾರು ನಮ್ಮ ಮೋತಪ್ಪನ ಎಬ್ಸಾಕೆ?" ಎಂದು ಅವನು ಪ್ರೊಫೆಸರರನ್ನೇ ಹೊಡೆಯಲು ಹೊರಟ. ಅವನನ್ನು ಕೂರಿಸಿ, ಅವರು ಹೋಗುವ ತನಕ ಬೀದಿಯವರೆಲ್ಲ ಮೋತಪ್ಪನನ್ನು ಮರ್ಯಾದೆಯಿಂದ ಕಾಣಬೇಕೆಂದು ಒಪ್ಪಿಸಿದೆ. ಮೋತಪ್ಪನಿಗೆ ಹೇಳಿದರೆ ನಟನೆ ಕೆಡುತ್ತದೆಂದು ಅವನಿಗೆ ಮಾತ್ರ ಹೇಳಲಿಲ್ಲ. ನನ್ನ ಜಾಣತನ ಯಾವಾಗಲೂ ಹೀಗೆ ಮುಕ್ಕಾಲು ಪಾಲಿಗೆ ನಿಂತುಬಿಡುತ್ತದೆ.

ಮಾರನೆಯ ಬೆಳಿಗ್ಗೆ ಮೋತಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಜಗಳಕ್ಕೆ ಸಿದ್ಧನಾಗಿ ಬೀದಿಗೆ ಬಂದ. ಮಾದಪ್ಪ ಮಡಿ ಪಂಚೆಯುಟ್ಟು, ವಿಭೂತಿ ಬಳಿದುಕೊಂಡು, ಕೈಮುಗಿದು, "ಬರ್ಬೇಕು ಸೇಟ್ರು, ಕುಂತ್ಕಳಿ, ಕಾಫಿ ತರುಸ್ತೀನಿ" ಎಂದ. ಮೋತಪ್ಪನ ಬಾಯಿಂದ ಕಡ್ಡಿ ಬಿತ್ತು. ಬೀದಿಯ ಉದ್ದಕ್ಕೂ ಅದೇ ಕಥೆ. ಎಲ್ಲರೂ ದಾರಿ ಬಿಟ್ಟರು, ಎಲ್ಲರೂ ಎದ್ದು ನಿಂತರು, ಚೌಕಾಸಿಯಿಲ್ಲದೆ ಬಟ್ಟೆ ಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಮಾದಪ್ಪನ ಹೆಂಡತಿ ಪುಟ್ಟಮ್ಮ, ಪ್ರೊಫೆಸರರು ನೋಡುತ್ತಿರುವಾಗಲೇ, ಎಲೆ ಅಡಿಕೆ ಬಾಳೆಹಣ್ಣಿನ ಜೊತೆಗೆ ಒಂದು ಬಟ್ಟಲು ಹೆಪ್ಪನ್ನೂ ತಂದು, ಮನೆದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡು, ದೇವಮ್ಮನ ಮುಂದೆ ಹಿಡಿದಳು. ದೇವಮ್ಮ ಹೌಹಾರಿ ಹಿಂದೆ ಸರಿದು, "ದೀಪ ಹಚ್ಚುದ್ ಮ್ಯಾಲೆ ಯಾರಾರ ಕೊಟ್ಟಾರೇನವ್ವ? ನಿನ್ ಮನೆ ಲಕ್ಸ್ಮಿ ಓಯ್ತಾಳೆ" ಎಂದಳು. ಆಮೇಲೆ ಎಲೆ ಅಡಿಕೆಯ ಕಡೆ ಕಣ್ಣು ಬಿದ್ದು ಅಲ್ಲೇ ಕುಸಿದು ಅಳತೊಡಗಿದಳು. "ತಾಂಬೂಲ ಕೊಟ್ಟು ಸಾಗಾಕ್ತಾವ್ರೆ ಕಣವ್ವ. ಬೆಳಿಗ್ಗೆಯಿಂದ ಒಬ್ರಾರ ಒಂದ್ ಮಾತ್ ಬೈದಿಲ್ಲ. ನಮ್ ಋಣ ತೀರೋಯ್ತು." ಚಿಕ್ಕ ಪ್ರೊಫೆಸರರು ಆಕೆ ಏನೆಂದಳು ಎಂದು ಕೇಳಿದರು. ಸಾವಿತ್ರಿ ನನ್ನ ಹಿಂದೆಯೇ ನಿಂತಿದ್ದಳು. ನಾನು, "ಸಂತೋಷಕ್ಕೆ ಅಳುತ್ತಿದ್ದಾಳೆ, ಇಷ್ಟು ಪ್ರೀತಿಯನ್ನು ಹೇಗೆ ತೀರಿಸಲಿ ಎನ್ನುತ್ತಿದ್ದಾಳೆ" ಎಂದೆ. ನನ್ನ ಜೀವಮಾನದ ಅತಿ ಕೆಟ್ಟ ಅನುವಾದ ಅದು. ಅದಕ್ಕೂ ಅವರು ಅದ್ಭುತ ಎಂದರು.

ಪ್ರೊಫೆಸರರಿಗೆ ಅನುಮಾನವೇ ಬರಲಿಲ್ಲ. ಬರುವುದು ಹೇಗೆ? ತಾವು ಬಂದು ನಾಲ್ಕು ಪ್ರಶ್ನೆ ಕೇಳಿದ್ದರಿಂದಲೇ ಊರಿನ ಮನಸ್ಸು ಕರಗಿತೆಂದು ತೀರ್ಮಾನಿಸಿದರು. ಕಾಲೋನಿಯ ಮಾತು ಬಿಟ್ಟರು. ಸಂಶೋಧಕರು ಆಗಾಗ ಬಂದು ಹೋಗುತ್ತಿದ್ದರೆ ನಿರಾಶ್ರಿತರು ಬೇಗ ಬೆರೆಯುತ್ತಾರೆಂದೂ, ಆದ್ದರಿಂದ ಇನ್ನೂ ಹೆಚ್ಚು ಸಂಶೋಧಕರನ್ನು ಕಳಿಸಬೇಕೆಂದೂ ಬರೆಯುವುದಾಗಿ ಹೇಳಿದರು. ದೊಡ್ಡವರಿಗೆ ಗೋಪಾಲಸ್ವಾಮಿ ಬೆಟ್ಟ ನೋಡುವ ಆಸೆಯಿತ್ತು. ಅಲ್ಲಿ ಆನೆ ಇದೆ ಎಂದು ಸಾವಿತ್ರಿ ನನ್ನ ಮೂಲಕ ಹೇಳಿಸಿದ್ದರಿಂದ ಮಾರನೆಯ ದಿನ ನೇರವಾಗಿ ಮೈಸೂರಿನ ಬಸ್ಸು ಹತ್ತಿದರು.

ಬಸ್ಸು ತಿರುವು ದಾಟಿ ಮರೆಯಾಗುವ ತನಕ ಮಾದಪ್ಪ ಕೈಮುಗಿದುಕೊಂಡೇ ಇದ್ದ. ಆಮೇಲೆ ಪಂಚೆ ಎತ್ತಿ ಕಟ್ಟಿ ತಿರುಗಿದ. "ಲೋ ಮೋತಪ್ಪ, ಇವತ್ತು ನಿನ್ ಬಚ್ಚಲ್ ನೀರು ನಮ್ ಒಸ್ಲುವರ್ಗೂ ಬಂದದೆ. ಕಣ್ ಕಾಣಾದಿಲ್ವಾ ನಿಂಗೆ?" ಎಂದ. ಮೋತಪ್ಪ ಒಂದು ಗಳಿಗೆ ಅವನನ್ನೇ ನೋಡಿದ. ಮುಖವೆಲ್ಲ ಬೆಳಗಿತು. "ಬರ್ಲಿ ಬುಡ್ಲಾ, ಅಂಗಾದ್ರೂ ನಿನ್ ಒಸ್ಲು ತೊಳುದಂಗಾಯ್ತು" ಎಂದ. ಒಳಗಿಂದ ದೇವಮ್ಮ ಓಡಿಬಂದು, ಕಣ್ಣೊರೆಸಿಕೊಂಡು, ಪುಟ್ಟಮ್ಮನ ಮೇಲೆ ತನ್ನ ಪಾಲಿನದನ್ನು ಶುರುಮಾಡಿದಳು. ಬೀದಿಗೆ ಮತ್ತೆ ಜೀವ ಬಂತು. ನನ್ನ ಎದೆಯೂ ತುಂಬಿಬಂತು. ಹುಟ್ಟಿದ್ದು ಒಂದು ಗಂಟೆ ಬಸ್ಸಿನ ದಾರಿಯ ಚಾಮರಾಜನಗರದಲ್ಲಿ, ಮೋತಪ್ಪನಿಗಿಂತ ಮೊದಲೇ ಈ ಬೀದಿಗೆ ಬಂದು ಸೇರಿದವನು, ಇಂಥ ಸಂತೋಷದಲ್ಲಿ ನಾನೂ ಪಾಲುಗೊಳ್ಳಬೇಕೆನ್ನಿಸಿ ಜಗಲಿಯಿಂದ ಇಳಿದು ನಡುವೆ ಹೋಗಿ, "ಮಾದಪ್ಪ, ತಪ್ಪು ನಿನ್ನದೇ ಕಣಯ್ಯ" ಎಂದು ಗದರಿದೆ.

ಜಗಳ ಥಟ್ಟನೆ ನಿಂತಿತು. ಮಾದಪ್ಪ ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ. ಮೋತಪ್ಪ ಹೆಗಲ ಮೇಲಿನ ಟವೆಲು ತೆಗೆದು ಬೆಂಚನ್ನು ಒರೆಸಿದ. "ಬಿಸ್ಲಲ್ಲಿ ನಿಂತಿದ್ದೀರಲ್ಲ ಮೇಷ್ಟ್ರೆ, ಬರ್ಬೇಕು, ಕುಂತ್ಕಳಿ, ಕಾಫಿ ತರುಸ್ತೀವಿ" ಎಂದು ಇಬ್ಬರೂ ಒಟ್ಟಿಗೆ ಕೈಮುಗಿದರು. ನಾನು ಕೂತೆ. ಕಾಫಿ ಬಂತು, ಕುಡಿದೆ. ಕುಡಿಯುತ್ತ ಕೆಳಗೆ ನೋಡಿದರೆ, ಮಾದಪ್ಪನ ಜಗಲಿಯ ಮುಂದೆ ಹರಿಯುತ್ತಿದ್ದ ನೀರಿನಲ್ಲಿ ಅರ್ಧ ಪಾಲು ನಮ್ಮ ಬಚ್ಚಲಿನದು. ಅದರ ಬಗ್ಗೆ ಆ ಊರಿನಲ್ಲಿ ಯಾರೂ ನನ್ನನ್ನು ಇದುವರೆಗೆ ಒಂದು ಮಾತು ಬೈದಿಲ್ಲ.