ಅಣ್ಣನ ಮುಂಡಾಸು

ಚೀಟಿ ನೋಡಿ ಹೆಸರು ಕೂಗುವವನು ಯಜಮಾನನೇ ಅಲ್ಲ ಎಂದು ಹಾವಗೆಪ್ಪ ಮಗಳ ಮದುವೆಗೆ ಮುಂಚೆ ಭಾಲ್ಕಿಯೆಲ್ಲ ಸಾರಿಬಿಟ್ಟಿದ್ದ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅವನು ಗುಮಾಸ್ತನಾಗಿದ್ದ ಕಚೇರಿಗೆ ಮೈಸೂರು ಕಡೆಯ ಮೂವರು ಸಾಹೇಬರು ಬಂದಿದ್ದರು. ಅವರನ್ನು ಹಂದರದಲ್ಲಿ ಮೆರೆಸುವ ಹುಚ್ಚು ಇವನಿಗೆ. ನೆಂಟರಿಗೆ ಉಡುಗೊರೆ ಕೊಡುವ ಆಹೇರಿಯ ಹೊತ್ತಿಗೆ ಹುಡುಗಿಯ ತಂದೆ ಒಬ್ಬೊಬ್ಬರ ಹೆಸರು ಕೂಗಿ ಮುಂಡಾಸು ಕಟ್ಟಬೇಕು. ಹೆಸರು ತಪ್ಪಿದ ನೆಂಟ ಉಣ್ಣದೆ ಎದ್ದುಹೋಗುತ್ತಾನೆ.

ಮನೆಯವರ ಹೆಸರನ್ನೂ ಒಮ್ಮೆ ಹೇಳಿನೋಡಿ ಎಂದಳು ಹೆಂಡತಿ ವಿಮಲಾಬಾಯಿ.

"ನಮ್ಮವರದ್ಯಾಕ ಬಾಯಿಪಾಠ ಮಾಡಲಿ? ಅವು ರಕ್ತದಾಗೇ ಅವ."

ಹೀಗಾಗಿ ಸ್ನಾನಕ್ಕೆ ನಂಜುಂಡಾರಾಧ್ಯ, ಊಟಕ್ಕೆ ತಿರುಮಲಾಚಾರ್, ನಿದ್ದೆಗೆ ಚನ್ನಕೇಶವಯ್ಯ ಎಂದು ವಾರವಿಡೀ ಸಾಹೇಬರ ಹೆಸರಿನ ಜಪ ನಡೆಯಿತು.

ಮದುವೆಯ ದಿನ ಮೂರೂ ಹೆಸರು ಒಂದೇ ಉಸಿರಿಗೆ ಬಂದವು. ಸಾಹೇಬರ ತಲೆಗೆ ಮುಂಡಾಸು ಏರಿತು. ಮುಂದಿನದು ಅವನ ಹಿರಿಯಣ್ಣನದು. ಅಪ್ಪ ತೀರಿಕೊಂಡ ಮೇಲೆ ಖಟಕ ಚಿಂಚೋಳಿಯಿಂದ ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದು ಶಾಲೆಗೆ ಹಾಕಿದ ಅಣ್ಣ. ಸಾಹೇಬರ ನಂತರ ಕರೆಸಿಕೊಳ್ಳಲಿಕ್ಕೂ ತಕರಾರು ಮಾಡದೆ ಕೂತಿದ್ದ.

"ನಮ್ಮ ಹಿರೇ ಅಣ್ಣ, ಶ್ರೀಮಾನ್ ನಂಜುಂಡಾರಾಧ್ಯರು!"

ಆ ಹೆಸರಿನ ಸಾಹೇಬರು ಸೌಜನ್ಯದಿಂದ ಎದ್ದು ಬಂದು ಮುಂಡಾಸಿನ ಮೇಲೆ ಮುಂಡಾಸು ಸುತ್ತಿಸಿಕೊಂಡು ಹೋಗಿ ಕೂತರು. ಹಂದರ ಗೊಳ್ಳೆಂದಿತು. ಹಾವಗೆಪ್ಪ ಅಣ್ಣನ ಹೆಸರಿಗಾಗಿ ತಡಕಾಡಿದ. ಹುಟ್ಟಿದಾಗಿನಿಂದ ಅಣ್ಣಾ ಎಂದೇ ಕರೆದ ಬಾಯಿ. ತಡಕಿದಷ್ಟೂ ಮೈಸೂರಿನ ಹೆಸರುಗಳೇ ಮುನ್ನುಗ್ಗಿ ಬಂದು, ಬೇಕಾದ ಒಂದನ್ನು ಹಿಂದಕ್ಕೆ ದಬ್ಬಿದವು. ನಗು ನಿಂತಿತು. ಅಣ್ಣ ಎದ್ದು ಚಪ್ಪಲಿ ಹುಡುಕತೊಡಗಿದ.

ಹೆಸರೇನೆಂದು ಹಾವಗೆಪ್ಪ ಹೆಂಡತಿಯ ಕಿವಿಯಲ್ಲಿ ಅಂಗಲಾಚಿದ.

"ಹಿರೇ ಭಾವನೋರ ಹೆಸರು ನಾ ಹ್ಯಾಂಗ ಹೇಳಲಿರಿ?"

ಗಂಡನ ಅಣ್ಣನ ಹೆಸರು ಸೊಸೆಯಾದವಳ ನಾಲಿಗೆಗೆ ಬರಬಾರದು. ಈ ಮನೆಗೆ ಕಾಲಿಟ್ಟಾಗಿನಿಂದ ಬಂದೂ ಇರಲಿಲ್ಲ. ಆದರೆ ಅಣ್ಣ ಚಪ್ಪಲಿ ಮೆಟ್ಟಿಯಾಗಿತ್ತು. ವಿಮಲಾಬಾಯಿ ಸೆರಗನ್ನು ಮುಖದ ಮೇಲೆಳೆದುಕೊಂಡು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಶಿವರಾಜಪ್ಪನೋರು ಬರಬೇಕ್ರಿ."

ಅಣ್ಣ ತಿರುಗಿ ಬಂದ. ಹಾವಗೆಪ್ಪ ಮುಂಡಾಸು ಕಟ್ಟಿದ. ನಾಚಿಕೆಯಿಂದ ಅವನಿಗೆ ಅಣ್ಣನ ಮುಖ ನೋಡಲಾಗಲಿಲ್ಲ.

"ಒಮ್ಮೀನೂ ಬಾಯಿಗಿ ತರದಾಕಿಗಿ ನನ್ನ ಹೆಸರು ನೆನಪದ," ಎಂದ ಅಣ್ಣ. "ನಿನಗ ನಿನ್ನ ಹೆಸರಾರ ನೆನಪದನೋ ತಮ್ಮಾ?"

ಅದಾದರೂ ಬಾರದೇ ಎಂದು ಹಾವಗೆಪ್ಪ ಧೈರ್ಯವಾಗಿ ಬಾಯಿ ತೆರೆದ.

"ನಂಜುಂಡಾರಾಧ್ಯ."

ಪಾಪ, ಸಾಹೇಬರು ಮತ್ತೆ ಎದ್ದು ನಿಂತರು.