ಎರಡನೇ ಲೈನ್‌ನ್ಯಾಗ ತಪ್ಪದರೀ!

"ಈ ವರ್ಷ ಒಂದು ಹೆಸರೂ ಬಿಡಂಗಿಲ್ಲ! ಹುಡುಗರು ಮನ್ಯಾಗ ಕೂತು ಬಟನ್ ಒತ್ತಬೇಕು, ಹೆಸರು ತಾನಽ ಬಂದು ನನ್ನ ಮುಂದ ಕೈಕಟ್ಟಿ ನಿಂದರಬೇಕು! ಈ ಯಜ್ಞೇಶ್ವರ ಮನಸ್ಸು ಮಾಡಿದ್ರ ಏನಂತ ತಿಳಕೊಂಡಿ?"

ಹಿಂಗಂತ ನಾ ಶುಕ್ರವಾರ ಸಂಜೀಮುಂದ ಚಹಾದ ಕಪ್ಪು ಮ್ಯಾಲೆತ್ತಿ ಘೋಷಣಾ ಮಾಡಿದೆ. ಕೇಳೋರು ಒಬ್ಬಾಕಿನಽ ಇದ್ಲು, ನನ್ನ ಹೆಂಡತಿ ನಿರುಪಮಾ. ಚಪ್ಪಾಳಿ ಏನೂ ಬೀಳಲಿಲ್ಲ.

"ಚಹಾ ಚೆಲ್ಲತದ, ಕಪ್ಪು ಕೆಳಗಿಡ್ರಿ," ಅಂದ್ಲು.

ನಿರುಪಮಾ ಸಾಲ್ಯಾಗ ಸಂಗೀತ ಕಲಿಸಿ ರಿಟೈರ್ ಆದಾಕಿ. ವರ್ಷಕ್ಕೊಮ್ಮೆ ಧಾರವಾಡದಾಗ ಹುಡುಗರ ಹಾಡಿನ ಸ್ಪರ್ಧಾ ನಡಸ್ತಾಳ. ಕರಾರು ಒಂದಽ: ಹಾಡೋ ಹುಡುಗ ಅದರಕಿಂತ ಮೊದಲು ಸ್ಟೇಜ್ ಹತ್ತಿರಬಾರದು. ಗೆಲ್ಲಲಿ ಬಿಡಲಿ, ಎಲ್ಲಾರಿಗೂ ಹೆಸರು ಅಚ್ಚು ಹಾಕಿಸಿದ ಸರ್ಟಿಫಿಕೇಟ್. "ತನ್ನ ಹೆಸರು ಅಚ್ಚಾಗಿದ್ದು ನೋಡಿದ್ರ ಹುಡುಗರು ಅಲ್ಲೇ ಎರಡು ಇಂಚು ಎತ್ತರ ಆಗ್ತಾವ್ರಿ," ಅಂತಾಳ.

ಇನ್ನ ಹೋದ ವರ್ಷದ ಮಾತು. ಹೇಳಲಿಕ್ಕೆ ನಾಚಿಕಿ ಬರತದ, ಆದ್ರೂ ಹೇಳೇಬಿಡ್ತೇನಿ. ಉಪ್ಪಿನಬೆಟಗೇರಿಯಿಂದ ಮಾಳವ್ವ ಅನ್ನೋ ಹೆಣ್ಣಮಗಳು ಫೋನ್ ಮಾಡಿ, "ನನ್ನ ಮಗಳು ವಿದ್ಯಾನ ಹೆಸರು ಬರ್ಕೊಳ್ರಿ" ಅಂದಿದ್ಲು. ಫೋನ್ ಎತ್ತಿದಾಂವ ನಾ. ಗ್ಯಾಸ್ ಸಿಲಿಂಡರಿನ ಪಾವತಿ ಹಿಂದ ಹೆಸರು, ನಂಬರು ಎರಡೂ ಬರಕೊಂಡೆ. ಆ ಪಾವತಿ ಎಲ್ಲಿ ಹೋತೋ ಆ ಗ್ಯಾಸಿನವಗಽ ಗೊತ್ತು! ಮುಂದ ಸಂಜೀಗೆ ಹಾಲ್ ಸಿಗಲಿಲ್ಲಂತ ಕಾರ್ಯಕ್ರಮ ಮುಂಜಾನಿಗೆ ಬಂತು. ಪಟ್ಟಿಯೊಳಗ ಇದ್ದವರಿಗೆಲ್ಲಾ ನಿರುಪಮಾ ಫೋನ್ ಮಾಡಿ ಹೇಳಿದ್ಲು. ಪಟ್ಟಿಯೊಳಗ ಇಲ್ಲದ ವಿದ್ಯಾಗ ಯಾರು ಹೇಳಬೇಕು? ತಾಯಿ ಮಗಳು ಬಸ್ ಹಿಡದು ಬಂದಾಗ ನಾವು ಕುರ್ಚಿ ಮಡಚಲಿಕ್ಕತ್ತಿದ್ವಿ. ಹುಡುಗಿ ಹೊಸಾ ಲಂಗಾ ಉಟಗೊಂಡು ಬಂದಿತ್ತು. "ಇಲ್ಲೇ ಹಾಡವಾ, ನಾ ಕೇಳ್ತೇನಿ," ಅಂತ ನಿರುಪಮಾ ಎಷ್ಟು ರಮಿಸಿದ್ರೂ ಅದರ ಬಾಯಿಂದ ಅಳು ಬಿಟ್ರ ಏನೂ ಬರಲಿಲ್ಲ.

ಮನಿಗೆ ಬಂದು ನಿರುಪಮಾ ನನ್ನ ಬೈಲಿಲ್ಲ. ಬೈದಿದ್ರ ಛಲೋ ಇತ್ತು. "ಇನ್ನೊಂದು ಸಲ ಒಂದು ಹೆಸರು ಬಿಟ್ರೂ ನಾ ಸ್ಪರ್ಧಾ ನಿಲ್ಲಸ್ತೇನ್ರಿ. ಹುಡುಗರನ್ನ ಅಳಸಲಿಕ್ಕೆ ನಾ ಇದನ್ನ ಸುರು ಮಾಡಿಲ್ಲ," ಅಂದ್ಲು. ಮೂವತ್ತೆಂಟು ವರ್ಷದ ಸಂಸಾರದಾಗ ಆಕಿ ಯಾವಾಗ ಖರೇ ಮಾತಾಡ್ತಾಳ ಅನ್ನೋದು ನನಗ ಗೊತ್ತಾಗತದ. ಅದಕ್ಕಽ ಈ ಸಲ ಹೆಸರು ಬರಕೊಳ್ಳೋ ಕೆಲಸಾನ ವೆಬ್‌ಸೈಟ್‌ಗೆ ಒಪ್ಪಸಬೇಕು ಅಂತ ನಾ ಪಣಾ ತೊಟ್ಟೆ.

"ರೆಡಿ ಫಾರ್ಮ್ ಸಿಗತಾವಂತ, ಐದು ನಿಮಿಷದ ಕೆಲಸ ಅಂತ," ಅಂದ್ಲು ನಿರುಪಮಾ.

"ರೆಡಿ ಫಾರ್ಮ್? ರೆಡಿ ರೊಟ್ಟಿ ತಂದ್ರ ಮನಿ ರೊಟ್ಟಿ ರುಚಿ ಬರತದೇನು? ನಾ ಪರ್ಲ್ ಕಲತಾಂವ ಇದ್ದೇನಿ!"

ಇದು ಖರೇ. ಆಫೀಸಿನ್ಯಾಗಿದ್ದಾಗ, ಇಪ್ಪತ್ತು ವರ್ಷದ ಹಿಂದ, ಹತ್ತು ದಿವಸದ ಪರ್ಲ್ ತರಬೇತಿಗೆ ನನ್ನ ಕಳಿಸಿದ್ರು. ವೆಬ್‌ಸೈಟ್ ನಡಸೋ ಪ್ರೋಗ್ರಾಮ್ ಬರಿಯೋ ಭಾಷಾ ಅದು. ಅದರ ಪ್ರಮಾಣಪತ್ರ ಇನ್ನೂ ನಮ್ಮ ಪಡಸಾಲ್ಯಾಗ ನಮ್ಮಪ್ಪನ ಫೋಟೋದ ಬಾಜೂಕ ತೂಗತದ.

"ಪರ್ಲ್ ಅಂದ್ರ ಮುತ್ತಲ್ಲೇನ್ರಿ?" ಅಂದ್ಲು ನಿರುಪಮಾ. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಮಾತಂತೂ ಆಡೇಬಿಟ್ರಿ. ಮುತ್ತರ ಸಂಭಾಳಿಸ್ರಿ."

ಆಗಲೇ ಸಾಲಿ ಸಾಲಿಗೆ ನೋಟೀಸು ಹೋಗಿಬಿಟ್ಟಿತ್ತು: ಶನಿವಾರ ಮುಂಜಾನೆ ಹತ್ತಕ್ಕ ವೆಬ್‌ಸೈಟ್ ತೆರೀತದ, ರವಿವಾರ ಸಂಜೀ ಐದಕ್ಕ ಮುಚ್ಚತದ. ಐದಕ್ಕ ಪಟ್ಟಿ ಗೌಸಸಾಬರ ಕೈಯಾಗ ಇರಬೇಕು. ಗೌಸಸಾಬರದು ರಾಯಾಪುರದಾಗ ಪ್ರೆಸ್. ಸರ್ಟಿಫಿಕೇಟ್ ಅಚ್ಚು ಹಾಕೋರು ಅವರಽ.

ಶನಿವಾರ ಮುಂಜಾನೆ ಜಳಕಾ ಮಾಡಿ ಕಂಪ್ಯೂಟರ್ ಮುಂದ ಕೂತೆ. ಪುಕ್ಕಟ ಸಿಗೋ ಒಂದು ಪರ್ಲ್ ಪ್ರೋಗ್ರಾಮ್ ಇಳಿಸಿದೆ. ಅದರ ಜೋಡಿ ಒಂದು ಸೂಚನಾ ಇತ್ತು: ಮೊದಲನೇ ಲೈನ್ ಮಾತ್ರ ಮುಟ್ಟಬ್ಯಾಡ್ರಿ, ಉಳದದ್ದು ನಿಮ್ಮ ಅನುಕೂಲಕ್ಕ ತಕ್ಕಂಗ ಬದಲಿ ಮಾಡಿಕೊಳ್ರಿ. ಆತಲ್ಲ! ನಮ್ಮ ಮನ್ಯಾಗ ಶ್ರೀಕಾರ ಇಲ್ಲದ ಅಗಸರ ಪಟ್ಟೀನೂ ಸುರು ಆಗಂಗಿಲ್ಲ. ನಮ್ಮಪ್ಪ ಆ ವಿಷಯದಾಗ ಭಾಳ ಕಡಕ್. ಅದಕ್ಕ ಮೊದಲನೇ ಲೈನ್ ಕೆಳಗ ಭಕ್ತೀಲೆ ||ಶ್ರೀ|| ಅಂತ ಬರದೆ. ಮುಂದ ಸ್ಪರ್ಧಾದ ಹೆಸರು ತುಂಬಿದೆ, ಅಲ್ಲೊಂದು ಇಲ್ಲೊಂದು ತಿದ್ದಿ ವೆಬ್‌ಸೈಟ್‌ಗೆ ಏರಿಸಿದೆ. ಹತ್ತಕ್ಕ ಬರೊಬ್ಬರಿ ಸೈಟ್ ತೆರದೆ.

ಬೆಳ್ಳನ ಹಾಳಿ ಮ್ಯಾಲೆ ಕರೀ ಅಕ್ಷರ: ಸಿಂಟ್ಯಾಕ್ಸ್ ಎರರ್, ಲೈನ್ ಎರಡು!

"ಏನಂತದ?" ಅಂದ್ಲು ನಿರುಪಮಾ.

"ಏನಿಲ್ಲ, ಬರಿಯೋದ್ರಾಗ ಸಣ್ಣದೊಂದು ತಪ್ಪದ ಅಂತ. ಎರಡನೇ ಲೈನ್‌ನ್ಯಾಗ. ಎರಡು ನಿಮಿಷ!"

ಎರಡನೇ ಲೈನ್ ನೋಡಿದೆ. ತಪ್ಪೇನೂ ಕಾಣಲಿಲ್ಲ. ಕೊನೀಗೆ ಒಂದು ಅರ್ಧವಿರಾಮ ಇತ್ತು, ಪುಣ್ಯಕ್ಕ ಇನ್ನೊಂದು ಹಾಕಿದೆ. ಲೈನ್ ಎರಡು! ಎರಡೂ ತಗದೆ. ಲೈನ್ ಎರಡು! ಇಡೀ ಲೈನ್ ಕಿತ್ತಿ ಒಗದೆ. ಏನ್ರೀ ಇದು, ಕಿತ್ತಿ ಒಗದ ಲೈನ್‌ನ್ಯಾಗೂ ತಪ್ಪದ ಅಂತದಲ್ಲಾ! ನಾ ಬಿಡಬೇಕಲ್ಲ? ಪ್ರೋಗ್ರಾಮಿನ ಹೊಸಾ ಕಾಪಿ ತಂದೆ, ಹೊಸಾ ಶ್ರೀಕಾರ ಹಾಕಿದೆ, ಮತ್ತ ಮೊದಲಿಂದ ಸುರು. ಲೈನ್ ಎರಡು! ಸಂಜೀತನಕ ಹಿಂಗ ಏಳು ಹೊಸಾ ಕಾಪಿ, ಏಳು ಶ್ರೀಕಾರ ಆದ್ವು. ಕಂಪ್ಯೂಟರಿಗೆ ಒಂದಽ ಮಾತು ಬರತಿತ್ತು, ಅದನ್ನಽ ಹೇಳತಿತ್ತು.

ಆಮ್ಯಾಲೆ ಹೊಳೀತು, ತಪ್ಪು ನಂದಲ್ಲ, ಕೀಬೋರ್ಡಿಂದು! ಅರ್ಧವಿರಾಮದ ಗುಂಡಿ ಅಂಟತಿರಬೇಕು. ಕೀಬೋರ್ಡ್ ಬೋರಲ ಹಾಕಿ ಝಾಡಿಸಿದೆ. ಅವಲಕ್ಕಿ ಚೂಡಾ ಬಿತ್ತು. ಮತ್ತ ಝಾಡಿಸಿದೆ. ಶೇಂಗಾ, ಪುಟಾಣಿ, ಒಣಗಿದ ಕರಿಬೇವು, ಎಲ್ಲಾ ಸರಂಜಾಮು ಬಂತು.

ನಿರುಪಮಾ ಬಾಗಿಲದಾಗ ನಿಂತು ನೋಡಿದ್ಲು. "ಊಟಕ್ಕ ಬರ್ತೀರೋ, ಅಲ್ಲೇ ಮುಗಿಸ್ತೀರೋ?"

"ಗುಂಡಿ ಕೆಟ್ಟದ!"

"ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದ್ಲಂತ. ಯಾರನರ ಕೇಳ್ರಿ."

"ಕೇಳೋದಾ? ಗ್ವಾಡಿಮ್ಯಾಲೆ ಪ್ರಮಾಣಪತ್ರ ಹಾಕ್ಕೊಂಡು ಇನ್ನೊಬ್ಬರನ್ನ ಕೇಳೋದಾ?"

ಆಕಿ ಪ್ರಮಾಣಪತ್ರದ ಕಡೆ ಒಂದು ಸಲ ನೋಡಿದ್ಲು, ನನ್ನ ಕಡೆ ಒಂದು ಸಲ ನೋಡಿದ್ಲು, ಒಳಗ ಹೋದ್ಲು.

ರವಿವಾರ ಮಧ್ಯಾಹ್ನಾತು. ಜಂಬ ಎಲ್ಲಾ ಇಳದು ಹೆದರಿಕಿ ಸುರು ಆತು. ಎರಡು ದಿವಸದಿಂದ ಹುಡುಗರು ಸೈಟ್ ತೆರೀತಿರತಾವ, ಎಲ್ಲಾರ ಕಣ್ಣಿಗೂ ಅದಽ ಕರೀ ಅಕ್ಷರ ಬೀಳತಿರತದ. ಹೋದ ವರ್ಷ ಒಂದು ಹೆಸರು ಕಳದಿದ್ದೆ. ಈ ವರ್ಷ ವೈಜ್ಞಾನಿಕ ಪದ್ಧತೀಲೆ ಎಲ್ಲಾ ಹೆಸರೂ ಕಳದು ಕೂತಿದ್ದೆ!

ನಾಲ್ಕಕ್ಕ ಗೌಸಸಾಬರು ಬಂದ್ರು. "ಪಟ್ಟಿ ಆತೇನ್ರಿ ರಾಯರ?"

ನಿರುಪಮಾ ಮೆಲ್ಲಕ ತನ್ನ ವಹಿ ತಗದು ಅವರ ಮುಂದ ಇಟ್ಲು. ಅದರಾಗ ಮೂವತ್ನಾಲ್ಕು ಹೆಸರು, ನೆಟ್ಟಗ ಬರದಿದ್ಲು!

"ಇದು ಎಲ್ಲಿಂದ ಬಂತು?" ಅಂದೆ.

"ನೀವು ಚೂಡಾ ಝಾಡಸೋ ಮುಂದ ಫೋನ್ ಬರಲಿಕ್ಕತ್ತಿದ್ವು. 'ಬಾಯಾರ, ಈ ಸಲ ನಿಮ್ಮ ಯಜಮಾನ್ರು ಕಂಪ್ಯೂಟರ್ ಮ್ಯಾಲೆ ಮಾಡ್ಯಾರಂತ ಕೇಳಿದ್ವಿ, ಅದಕ್ಕಽ ಫೋನ್ ಮಾಡಿದ್ವಿ' ಅಂದ್ರು ಎಲ್ಲಾರೂ."

ಊರಾಗ ನನ್ನ ಕೀರ್ತಿ ಇಷ್ಟು ಹಬ್ಬಿದ್ದು ನನಗಽ ಗೊತ್ತಿರಲಿಲ್ಲ! ಆದ್ರೂ ಜೀವಾ ಬಂದಂಗಾತು. "ಹಂಗಾರ ಎಲ್ಲಾ ಸಿಕ್ಕಂಗಾತಲ್ಲ?"

"ವಿದ್ಯಾ ಇಲ್ಲ," ಅಂದ್ಲು ನಿರುಪಮಾ. ದನಿ ಸಣ್ಣದಾಗಿತ್ತು. "ಆ ಹುಡುಗಿ ಸಲುವಾಗೇ ಉಪ್ಪಿನಬೆಟಗೇರಿ ಸಾಲಿಗೆ ನಾನಽ ಹೋಗಿ ನೋಟೀಸು ಕೊಟ್ಟು ಬಂದೇನಿ. ಆಕಿ ನಂಬರು ನನ್ನ ಹತ್ರ ಇಲ್ಲ. ಹೋದ ವರ್ಷ ಫೋನ್ ನಂಬಿ ಕೆಟ್ಟಾರ, ಮತ್ತ ಯಾಕ ಫೋನ್ ಮಾಡ್ತಾರ?"

ಆ ನಂಬರು ಗ್ಯಾಸಿನ ಪಾವತಿ ಜೋಡಿನಽ ಹೋಗಿತ್ತು. ನಾ ನೆಲಾ ನೋಡಿಕೋತ ನಿಂತೆ.

ಗೌಸಸಾಬರು ಚಾಳೀಸ ಏರಿಸಿ ನನ್ನ ಕಂಪ್ಯೂಟರ್ ಮುಂದ ಬಗ್ಗಿದ್ರು. "ಇದೇನ ಹೇಳಾಕತ್ತೈತ್ರಿ ರಾಯರ?"

"ಎರಡನೇ ಲೈನ್‌ನ್ಯಾಗ ತಪ್ಪದ ಅಂತದ. ಎರಡು ದಿವಸಾತು. ಎರಡನೇ ಲೈನ್‌ನ್ಯಾಗ ಏನೂ ಇಲ್ಲ!"

"ಶ್ರೀ ಐತಲ್ರಿ."

"ಶ್ರೀ ಬಿಡ್ರಿ, ಅದರ ಕೆಳಗಿನ ಲೈನ್..."

"ಬಿಡೂದು ಹೆಂಗ್ರಿ? ಮ್ಯಾಲಿನ ಲೈನ್ ಒಂದು, ಶ್ರೀ ಎರಡು."

"ಗೌಸಸಾಬರ, ಶ್ರೀಕಾರನ್ನ ಯಾರರ ಲೈನ್ ಅಂತ ಎಣಸ್ತಾರೇನ್ರಿ? ಅದು ದೇವರದು!"

"ದೇವರದು ಖರೇ ಐತ್ರಿ. ಆದ್ರ ಜಾಗಾ ಹಿಡೀತೈತೋ ಇಲ್ಲೋ? ನಲವತ್ತು ವರ್ಷದಿಂದ ಲಗ್ನಪತ್ರಿಕಿ ಮ್ಯಾಲೆ ಶ್ರೀ ಜೋಡಿಸೇನ್ರಿ ನಾ. ಅದನ್ನ ಬಿಟ್ಟು ಲೈನ್ ಎಣಿಸಿದ್ರ ಕೆಳಗ ವರನ ಅಪ್ಪನ ಹೆಸರು ಕಾಗದ ಬಿಟ್ಟು ಹೊರಗ ಹೊಕ್ಕೈತಿ!"

ನಾ ಕಣ್ಣು ಮುಚ್ಚಿ ತೆರದೆ. ಒಂದು. ಶ್ರೀ, ಎರಡು. ಎರಡು ದಿವಸ ನಾ ಗುದ್ದಾಡಿದ್ದು ಪಾಪ ಮೂರನೇ ಲೈನ್ ಜೋಡಿ! ಏನೂ ತಪ್ಪು ಮಾಡದ ಆ ಲೈನ್‌ನ ಏಳು ಸಲ ಗಲ್ಲಿಗೆ ಹಾಕಿದ್ದೆ!

"ಅಳಿಸ್ರಿ ಲಗೂನ, ಐದಾಗಲಿಕ್ಕೆ ಬಂತು," ಅಂದ್ಲು ನಿರುಪಮಾ.

ಕೈ ಬರಲಿಲ್ಲ. ಬರದ ಶ್ರೀಕಾರ ಅಳಸೋದಾ? ಗ್ವಾಡಿಮ್ಯಾಲಿಂದ ನಮ್ಮಪ್ಪ ನನ್ನಽ ನೋಡಲಿಕ್ಕತ್ತಿದ್ರು. ಅಷ್ಟರಾಗ ಹತ್ತು ದಿವಸದ ತರಬೇತಿಯೊಳಗಿನ ಒಂದಽ ಒಂದು ಪಾಠ ನೆನಪಾತು. ಲೈನಿನ ಸುರುವಿಗೆ ಚೌಕಾಬಾರದ ಮನಿ ಹಂಗ ಒಂದು ಹ್ಯಾಶ್ ಗುರುತು ಹಾಕಿದ್ರ ಆ ಲೈನ್‌ನ ಮಷೀನು ಓದಂಗಿಲ್ಲ, ಬಿಟ್ಟು ಮುಂದ ಹೋಗತದ.

"ಹಂಗಾರ ಹಾಕ್ರಿ," ಅಂದ್ಲು ನಿರುಪಮಾ. "ಮಷೀನು ಓದದಿದ್ರ ಬಿಡಲಿ, ಓದಬೇಕಾದಾಂವ ಓದ್ಕೋತಾನ."

ಹ್ಯಾಶ್ ಹಾಕಿದೆ. ಏರಿಸಿದೆ. ಸೈಟ್ ತೆರದೆ. ಫಾರ್ಮ್! ಹೆಸರು, ಊರು, ಹಾಡು, ಫೋನ್ ನಂಬರು, ಎಲ್ಲಾ ಖಾನೇನೂ ಸಾಲಾಗಿ ನಿಂತಿದ್ವು! ಗೌಸಸಾಬರ ಕೈ ಹಿಡದು ಕುಲುಕಿದೆ. ಆದ್ರ ಪಟ್ಟಿಯೊಳಗ ಸೊನ್ನಿ. ಐದಕ್ಕ ಹದಿನೈದು ನಿಮಿಷ ಇತ್ತು. ಹತ್ತಽ ಉಳೀತು. ನಿರುಪಮಾ ವಹಿ ಮುಚ್ಚಿ ತೊಡಿಮ್ಯಾಲೆ ಇಟಗೊಂಡು ಕೂತಿದ್ಲು. ಈಗ ಆಕಿ ಮನಸಿನ್ಯಾಗ ಸ್ಪರ್ಧಾ ನಿಲ್ಲಸೋ ವಿಚಾರ ನಡದದ ಅಂತ ನನಗ ಸ್ಪಷ್ಟ ಗೊತ್ತಿತ್ತು.

ಅಷ್ಟರಾಗ ಸೊನ್ನಿ ಹೋಗಿ ಒಂದು ಬಂತು!

"ಬಂತು! ಒಂದು ಬಂತು!" ಅಂತ ಕುರ್ಚಿ ಬಿಟ್ಟು ಎದ್ದೆ. "ಎರಡು! ಮೂರು! ನೋಡು ನಿರುಪಮಾ, ಐದಾದ್ವು! ಎಂಟು! ನಂದು ಪದ್ಧತಿ ಹೆಂಗದ? ಹನ್ನೊಂದು! ಇಡೀ ಜಿಲ್ಲಾನ ಮುರಕೊಂಡು ಬೀಳಲಿಕ್ಕತ್ತದ!"

ನಿರುಪಮಾ ಎದ್ದು ಬಂದು ಚಾಳೀಸ ಹಾಕ್ಕೊಂಡು ಓದಿದ್ಲು. "ವಿದ್ಯಾ, ಉಪ್ಪಿನಬೆಟಗೇರಿ. ವಿದ್ಯಾ, ಉಪ್ಪಿನಬೆಟಗೇರಿ. ವಿದ್ಯಾ..."

ಹನ್ನೊಂದೂ ವಿದ್ಯಾ!

"ಹನ್ನೊಂದು ಸರ್ಟಿಫಿಕೇಟ್ ಮಾಡ್ಲೇನ್ರಿ ಬಾಯಾರ?" ಅಂದ್ರು ಗೌಸಸಾಬರು.

ನಿರುಪಮಾಗ ನಗು ಬಂದಿತ್ತೋ ಅಳು ಬಂದಿತ್ತೋ, ಕಣ್ಣಂತೂ ತುಂಬಿದ್ವು. ಫಾರ್ಮ್‌ನ್ಯಾಗಿನ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ಲು.

ಆ ಕಡಿಂದ ಮಾಳವ್ವ. "ಯವ್ವಾ! ಅಕ್ಕೋರ, ನೀವಽ ಫೋನ್ ಮಾಡೀರಿ ಅಂದ್ರ ಹೆಸರು ಮುಟ್ಟೇತಿ ಬಿಡ್ರಿ! ನಿನ್ನೆ ಮುಂಜಾನಿಂದ ಈ ಹುಡುಗಿ ನನ್ನ ಫೋನ್ ಕೈಬಿಟ್ಟಿಲ್ರಿ. ಊಟಕ್ಕ ಕೂತ್ರೂ ಅದನ್ನಽ ಒತ್ತಾಕತ್ತಿತ್ತು."

ಒಳ್ಳೇ ವ್ಯಾಳ್ಯಾ ಅಂತ ನಾ ಫೋನ್ ಇಸಗೊಂಡೆ. ಎಷ್ಟಂದ್ರೂ ಪರ್ಲ್ ಪಂಡಿತ, ನಾಕು ಬುದ್ಧಿಮಾತು ಹೇಳಬೇಕಲ್ಲ? "ತಂಗೀ ವಿದ್ಯಾ, ಕಂಪ್ಯೂಟರಿಗೆ ಒಂದು ಸಲ ಒತ್ತಿದ್ರ ತಿಳೀತದವಾ. ಹನ್ನೊಂದು ಸಲ ಯಾಕ ಒತ್ತಿದಿ?"

"ಹೋದ ವರ್ಷ ಒಂದಽ ಸಲ ಹೇಳಿದ್ವಲ್ರಿ," ಅಂತು ಹುಡುಗಿ. "ಈ ಸಲ ನೀವು ಹತ್ತು ಕಳದ್ರೂ ಒಂದರ ಉಳೀಲಿ ಅಂತ ಒತ್ತೇನ್ರಿ ಅಜ್ಜಾರ!"